ಹಲುವಾಗಲಿನ ವಿಳಾಸ: ನಿಜಲಿಂಗಪ್ಪನವರು ಕಟ್ಟಿದ್ದು ಏನನ್ನು?

ಹರಪನಹಳ್ಳಿ ತಾಲ್ಲೂಕಿನ ಹಲುವಾಗಲು ತುಂಗಭದ್ರೆಯ ದಂಡೆಯ ಊರು. 1902ರಲ್ಲಿ ಈ ಊರಿನಲ್ಲಿ ಹುಟ್ಟಿ, ಊರು ಬಿಟ್ಟು ಕದಲದೆ, ನೂರಿಪ್ಪತ್ತು ವರ್ಷ ಬಾಳಿದವನೊಬ್ಬ ಇದ್ದಾನೆ ಎಂದು ಇಟ್ಟುಕೊಳ್ಳಿ. ಅವನಿಗೆ ಬರುವ ಕಾಗದದ ಮೇಲೆ ಮೊದಲು ಮದ್ರಾಸ್ ಪ್ರಾಂತ್ಯ, ಬಳ್ಳಾರಿ ಜಿಲ್ಲೆ ಎಂದು ಬರೆದಿರುತ್ತಿತ್ತು. 1953ರ ಅಕ್ಟೋಬರ್ ನಂತರ ಮೈಸೂರು ರಾಜ್ಯ. 1973ರಿಂದ ಕರ್ನಾಟಕ. 1997ರಲ್ಲಿ ದಾವಣಗೆರೆ ಜಿಲ್ಲೆ. ಆಮೇಲೆ ಮತ್ತೆ ಬಳ್ಳಾರಿ. 2021ರಿಂದ ವಿಜಯನಗರ. ಮನೆ ಅದೇ, ಹೊಳೆ ಅದೇ, ಅಂಗಳದ ಬೇವಿನ ಮರವೂ ಅದೇ. ವಿಳಾಸ ಮಾತ್ರ ಐದು ಸಲ ಬದಲಾಗಿದೆ.

ಅದೇ ಊರಿನಲ್ಲಿ, 1902ರ ಡಿಸೆಂಬರ್ 10ರಂದು, ನಿಜವಾಗಿಯೂ ಹುಟ್ಟಿದವರು ಸಿದ್ದವನಹಳ್ಳಿ ನಿಜಲಿಂಗಪ್ಪ. ಈ ವಿಳಾಸ ಬದಲಾವಣೆಗಳಲ್ಲಿ ಅತಿ ದೊಡ್ಡದರ ಹಿಂದೆ ಅವರ ಕೈ ಇದೆ. ದಾವಣಗೆರೆಯಲ್ಲಿ ಆಟೊ ಹತ್ತಿ ‘ನಿಜಲಿಂಗಪ್ಪ ಬಡಾವಣೆ’ ಎಂದರೆ ಚಾಲಕ ಮರುಮಾತಿಲ್ಲದೆ ಕರೆದೊಯ್ಯುತ್ತಾನೆ. ಆದರೆ ನಿಜಲಿಂಗಪ್ಪ ಮಾಡಿದ್ದೇನು ಎಂದು ಕೇಳಿದರೆ ಚಾಲಕನಿರಲಿ, ಓದಿದವರ ಬಾಯಲ್ಲೂ ಬರುವುದು ಪಠ್ಯಪುಸ್ತಕದ ಒಂದೇ ಸಾಲು: ‘ಏಕೀಕೃತ ಕರ್ನಾಟಕದ ಮೊದಲ ಮುಖ್ಯಮಂತ್ರಿ.’ ಅದು ಹುದ್ದೆಯ ಹೆಸರು. ಅವರು ಮಾಡಿದ ಕೆಲಸ ಬೇರೆಯೇ ಇದೆ.

ಮೊದಲು ಒಡೆದ ನಾಡಿನ ಲೆಕ್ಕ. ಟಿಪ್ಪು ಸುಲ್ತಾನ್ 1799ರಲ್ಲಿ ಮಡಿದ ನಂತರ ಕನ್ನಡದ ನೆಲ ಹರಿದು ಹಂಚಿಹೋಯಿತು. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ನಡುವಿನ ದೊಡ್ಡ ತುಂಡು ಮೈಸೂರು ಒಡೆಯರದು. ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಬಾಂಬೆ ಪ್ರಾಂತ್ಯದವು. ಬೀದರ್, ಗುಲ್ಬರ್ಗ, ರಾಯಚೂರು ನಿಜಾಮನವು. ಬಳ್ಳಾರಿ, ದಕ್ಷಿಣ ಕನ್ನಡ, ಕೊಳ್ಳೇಗಾಲ ಮದ್ರಾಸಿನವು. ಕೊಡಗು ತನ್ನಷ್ಟಕ್ಕೆ ತಾನು. ಇವುಗಳ ಸಂದುಗೊಂದುಗಳಲ್ಲಿ ಸಂಡೂರು, ಜಮಖಂಡಿ, ಸವಣೂರಿನಂತಹ ಪುಟ್ಟ ಸಂಸ್ಥಾನಗಳು ಬೇರೆ.

ಇದು ನಕ್ಷೆಯ ಮೇಲಿನ ಗೆರೆಯಷ್ಟೇ ಆಗಿರಲಿಲ್ಲ. ತಾಲ್ಲೂಕಿನ ಮುಖ್ಯಾಧಿಕಾರಿಯನ್ನು ಚಿತ್ರದುರ್ಗದ ರೈತ ‘ಅಮಲ್ದಾರರು’ ಎನ್ನುತ್ತಿದ್ದ. ತುಂಗಭದ್ರೆ ದಾಟಿ ರಾಣೆಬೆನ್ನೂರಿಗೆ ಹೋದರೆ ಅದೇ ಕುರ್ಚಿಯಲ್ಲಿ ಕುಳಿತವರು ‘ಮಾಮಲೇದಾರರು’. ಹರಪನಹಳ್ಳಿಗೋ ರಾಯಚೂರಿಗೋ ಹೋದರೆ ‘ತಹಶೀಲ್ದಾರರು’. ಬಾಂಬೆ ಕಡೆ ವಿದ್ಯಾವಂತರ ವ್ಯವಹಾರದ ಮೇಲೆ ಮರಾಠಿಯ ನೆರಳು, ನಿಜಾಮನ ಕಚೇರಿಗಳಲ್ಲಿ ಉರ್ದು, ಬಳ್ಳಾರಿಯಲ್ಲಿ ತೆಲುಗಿನ ಒತ್ತು. ಕನ್ನಡ ಕಚೇರಿಯ ಭಾಷೆಯಾಗಿ ನೆಮ್ಮದಿಯಾಗಿದ್ದುದು ಮೈಸೂರಿನಲ್ಲಿ ಮಾತ್ರ. ಮುಂದೆ ತೊಂದರೆ ಹುಟ್ಟಿದ್ದೂ ಆ ನೆಮ್ಮದಿಯಿಂದಲೇ.

ಹಲುವಾಗಲಿನ ಹುಡುಗನ ಕಡೆ ಬರೋಣ. ಐದು ವರ್ಷದವನಿದ್ದಾಗಲೇ ತಂದೆ ತೀರಿಕೊಂಡರು. ಬಡತನದಲ್ಲಿ ಬಾಲ್ಯ ಕಳೆದದ್ದು, ಮೊದಲ ಅಕ್ಷರ ಕಲಿತದ್ದು ದಾವಣಗೆರೆಯಲ್ಲಿ. ಪ್ರೌಢಶಾಲೆ ಚಿತ್ರದುರ್ಗದಲ್ಲಿ. 1924ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಪದವಿ, 1926ರಲ್ಲಿ ಪುಣೆಯಿಂದ ಕಾನೂನು ಪದವಿ. ನಂತರ ಚಿತ್ರದುರ್ಗದಲ್ಲಿ ವಕೀಲಿ. ಈ ಊರುಗಳನ್ನು ಮನಸ್ಸಿನಲ್ಲಿ ಜೋಡಿಸಿ ನೋಡಿ: ಹುಟ್ಟಿದ್ದು ಮದ್ರಾಸಿನಲ್ಲಿ, ಬೆಳೆದದ್ದು ಮೈಸೂರಿನಲ್ಲಿ, ಕಾನೂನು ಓದಿದ್ದು ಬಾಂಬೆಯಲ್ಲಿ. ಚಿತ್ರದುರ್ಗವಾದರೋ ಮೈಸೂರು ಸಂಸ್ಥಾನದ ಉತ್ತರದ ಅಂಚು. ಹರಿಹರದ ಸೇತುವೆ ದಾಟಿದರೆ ಬೇರೊಂದು ಆಡಳಿತ. ಮೊಳಕಾಲ್ಮುರಿನಿಂದ ನಾಲ್ಕು ಹೆಜ್ಜೆ ಇಟ್ಟರೆ ರಾಯದುರ್ಗ, ಅದು ಇನ್ನೊಂದು. ಇಲ್ಲಿನ ಜನಕ್ಕೆ ಮದುವೆ ಸಂಬಂಧ, ಹತ್ತಿ ವ್ಯಾಪಾರ, ಜಾತ್ರೆ, ಮಠ ಎಲ್ಲವೂ ಆ ಗೆರೆಗಳ ಆಚೆಗೂ ಇದ್ದವು. ಬೆಂಗಳೂರಿನಲ್ಲಿ ಕುಳಿತವರಿಗೆ ಏಕೀಕರಣವೆಂದರೆ ಒಂದು ವಿಚಾರ. ದಾವಣಗೆರೆಯ ಹತ್ತಿ ವ್ಯಾಪಾರಿಗೆ ಅದು ದಿನನಿತ್ಯದ ಅನುಕೂಲ.

ಅವರ ಸ್ವಾತಂತ್ರ್ಯ ಹೋರಾಟದ ಹೆಸರು ನಿಂತಿರುವುದು ತುರುವನೂರಿನ ಮೇಲೆ. ಚಿತ್ರದುರ್ಗ ತಾಲ್ಲೂಕಿನ ಈ ಊರಿನಲ್ಲಿ 1939ರಲ್ಲಿ ಅರಣ್ಯ ಸತ್ಯಾಗ್ರಹ ನಡೆಯಿತು. ಸರ್ಕಾರದ ಈಚಲ ವನಕ್ಕೆ ನುಗ್ಗಿ ಮರ ಕಡಿಯುವುದು, ಹಿಡಿದರೆ ಸುಮ್ಮನೆ ಜೈಲಿಗೆ ಹೋಗುವುದು. ಈಚಲ ಮರವೇ ಏಕೆ ಎಂದರೆ, ಅದರಿಂದ ಹೆಂಡ, ಹೆಂಡದಿಂದ ಸರ್ಕಾರಕ್ಕೆ ವರಮಾನ. ಸರ್ಕಾರದ ಗಂಟಿಗೇ ಕೊಡಲಿ ಬೀಸುವ ಉಪಾಯ. ಗಾಂಧಿಯ ಉಪ್ಪಿಗೆ ನಮ್ಮ ಬಯಲುಸೀಮೆ ಹುಡುಕಿಕೊಂಡ ಬದಲಿ ಅದು ಎಂದು ನನಗೆ ಅನ್ನಿಸುತ್ತದೆ. ಸಮುದ್ರವಿಲ್ಲದ ಊರು ಇನ್ನೇನು ಮಾಡೀತು? ನಿಜಲಿಂಗಪ್ಪ ಅದರ ಮುಂದಾಳಾಗಿ ಸೆರೆಮನೆ ಸೇರಿದರು.

ಏಕೀಕರಣದ ಬೀಜ ಅವರು ಬಿತ್ತಿದ್ದಲ್ಲ. ಅದನ್ನು ಅವರ ಲೆಕ್ಕಕ್ಕೆ ಬರೆಯುವ ಅಭ್ಯಾಸ ನಮ್ಮ ಭಾಷಣಕಾರರಿಗೆ ಇದೆ, ಅದು ಸರಿಯಲ್ಲ. ಆಲೂರು ವೆಂಕಟರಾಯರು ಧಾರವಾಡದಲ್ಲಿ ಕುಳಿತು ಕನ್ನಡಿಗರಿಗೆ ಅವರ ಗತಕಾಲವನ್ನು ನೆನಪಿಸುತ್ತಿದ್ದಾಗ ನಿಜಲಿಂಗಪ್ಪ ಇನ್ನೂ ಶಾಲಾ ಹುಡುಗ. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ ತನ್ನ ಪ್ರಾಂತೀಯ ಸಮಿತಿಗಳನ್ನು ಭಾಷೆಗೆ ತಕ್ಕಂತೆ ರಚಿಸಿಕೊಳ್ಳಲು ಒಪ್ಪಿತು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನದ ಹೊತ್ತಿನಲ್ಲೇ ಮೊದಲ ಏಕೀಕರಣ ಸಮ್ಮೇಳನ ನಡೆಯಿತು. ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಕೇಳಿಸಿದ್ದೂ ಅಲ್ಲಿಯೇ. ಅಂದರೆ ಕನಸು ಕಂಡವರು, ಹಾಡು ಕಟ್ಟಿದವರು ಬೇರೆ. ನಿಜಲಿಂಗಪ್ಪನವರ ಪಾಲಿಗೆ ಬಂದದ್ದು ಹಾಡಿಗಿಂತ ಬೇಸರದ ಕೆಲಸ: ಒಲ್ಲದವರನ್ನು ಒಪ್ಪಿಸುವುದು.

ಯಾರು ಒಲ್ಲದವರು? ದೆಹಲಿ ಎನ್ನುವುದು ಅರ್ಧ ಉತ್ತರ. ಸ್ವಾತಂತ್ರ್ಯ ಬಂದ ಮೇಲೆ ನೆಹರೂ ಅವರಿಗೆ ಭಾಷೆಯ ಆಧಾರದ ರಾಜ್ಯಗಳೆಂದರೆ ಅಳುಕು. ಆಗಷ್ಟೇ ಧರ್ಮದ ಹೆಸರಿನಲ್ಲಿ ದೇಶ ಒಡೆದಿತ್ತು. 1948ರಲ್ಲಿ ಧಾರ್ ಆಯೋಗ ಬೇಡವೆಂದಿತು. ಜವಾಹರಲಾಲ್, ವಲ್ಲಭಭಾಯಿ, ಪಟ್ಟಾಭಿ ಸೀತಾರಾಮಯ್ಯ ಇದ್ದ ಜೆವಿಪಿ ಸಮಿತಿಯೂ ಸದ್ಯಕ್ಕೆ ಬೇಡವೆಂದಿತು. 1952ರ ಡಿಸೆಂಬರ್‌ನಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸದಿಂದ ಪ್ರಾಣ ಬಿಟ್ಟ ಮೇಲೆಯೇ ಆಂಧ್ರ ಹುಟ್ಟಿದ್ದು. 1953ರಲ್ಲಿ ಹುಬ್ಬಳ್ಳಿ ಬಳಿಯ ಅದರಗುಂಚಿಯಲ್ಲಿ ಶಂಕರಗೌಡರು ಉಪವಾಸ ಕುಳಿತರು, ಹುಬ್ಬಳ್ಳಿ ಹೊತ್ತಿ ಉರಿಯಿತು. ಕೊನೆಗೆ ಫಜಲ್ ಅಲಿ, ಪಣಿಕ್ಕರ್, ಕುಂಜ್ರು ಇದ್ದ ರಾಜ್ಯ ಪುನರ್ವಿಂಗಡಣಾ ಆಯೋಗ ಬಂದಿತು. 1955ರ ಸೆಪ್ಟೆಂಬರ್‌ನಲ್ಲಿ ವರದಿ ಕೊಟ್ಟಿತು.

ಉಳಿದರ್ಧ ಉತ್ತರ ಮೈಸೂರಿನೊಳಗೇ ಇತ್ತು. ವಿದ್ಯುತ್ತು, ಕಾರ್ಖಾನೆ, ಶಾಲೆ, ನೀರಾವರಿ ಎಲ್ಲದರಲ್ಲಿ ಮುಂದಿದ್ದ ಮೈಸೂರಿನ ಹಲವು ಮುಖಂಡರಿಗೆ ಬರಡು ಬಿಜಾಪುರ, ಹಿಂದುಳಿದ ಗುಲ್ಬರ್ಗ ಬಂದು ತಮ್ಮ ತಟ್ಟೆಯಲ್ಲಿ ಕೈ ಇಡುತ್ತವೆ ಎಂಬ ಭಯ. ಅದಕ್ಕಿಂತ ಆಳದ ಭಯ ಜಾತಿ ಲೆಕ್ಕದ್ದು. ಹಳೆಯ ಮೈಸೂರಿನ ರಾಜಕಾರಣದಲ್ಲಿ ಒಕ್ಕಲಿಗರದು ಮೇಲುಗೈ. ಉತ್ತರದ ಜಿಲ್ಲೆಗಳು ಸೇರಿದರೆ ತಕ್ಕಡಿ ಲಿಂಗಾಯತರ ಕಡೆ ವಾಲುತ್ತದೆ. ಇದನ್ನು ಯಾರೂ ವೇದಿಕೆಯ ಮೇಲೆ ನೇರವಾಗಿ ಹೇಳುತ್ತಿರಲಿಲ್ಲ. ‘ಎರಡು ಕರ್ನಾಟಕ ಇದ್ದರೆ ಏನು ತಪ್ಪು?’ ಎಂದು ಕೇಳುತ್ತಿದ್ದರು. ಮಾತು ಎಷ್ಟು ಬೆಳೆಯಿತೆಂದರೆ ಆಯೋಗವೇ ಕುಳಿತು ಲೆಕ್ಕ ಹಾಕಿ, ಒಂದಾದ ರಾಜ್ಯದಲ್ಲಿ ಯಾವ ಒಂದು ಸಮುದಾಯವೂ ಉಳಿದವರನ್ನು ಆಳುವಷ್ಟು ದೊಡ್ಡದಾಗಿರುವುದಿಲ್ಲ ಎಂದು ವರದಿಯಲ್ಲಿ ಬರೆಯಬೇಕಾಯಿತು.

ನಿಜಲಿಂಗಪ್ಪ ಸ್ವತಃ ಲಿಂಗಾಯತರು, ಜೊತೆಗೆ ಮೈಸೂರು ಸಂಸ್ಥಾನದ ವಕೀಲರು. ಇದು ಅನುಮಾನಕ್ಕೂ ಕಾರಣ, ಅನುಕೂಲಕ್ಕೂ ಕಾರಣ. ಆ ಕಾಲದಲ್ಲಿ ಮೈಸೂರು ಕಾಂಗ್ರೆಸ್ ಬೇರೆ, ಬಾಂಬೆ ಭಾಗದ ಕನ್ನಡ ಜಿಲ್ಲೆಗಳನ್ನು ನಡೆಸುತ್ತಿದ್ದ ಕರ್ನಾಟಕ ಪ್ರದೇಶ ಕಾಂಗ್ರೆಸ್ ಸಮಿತಿ ಬೇರೆ. ಬೇರೆ ಬೇರೆ ಸಮಯದಲ್ಲಿ ಎರಡಕ್ಕೂ ಅವರು ಅಧ್ಯಕ್ಷರಾದರು. ಸಂವಿಧಾನ ಸಭೆಗೆ ಅವರು ಹೋದದ್ದು ಬಾಂಬೆ ಪ್ರಾಂತ್ಯದ ಸದಸ್ಯರಾಗಿ. ಚಿತ್ರದುರ್ಗದ ವಕೀಲರು ಬಾಂಬೆಯ ಪ್ರತಿನಿಧಿ! ಈ ಒಂದು ಸಂಗತಿಯಲ್ಲಿ ಅವರ ಇಡೀ ರಾಜಕಾರಣ ಅಡಗಿದೆ. ಧಾರವಾಡದವರ ಕಣ್ಣಿಗೆ ಅವರು ಹೊರಗಿನವರಲ್ಲ, ಮೈಸೂರಿನವರ ಕಣ್ಣಿಗೆ ಪೂರ್ತಿ ಉತ್ತರದವರೂ ಅಲ್ಲ. ಎರಡು ಮನೆಯ ನಡುವಿನ ಗೋಡೆಗೆ ಒರಗಿ ನಿಂತವರು. ಸ್ವಾತಂತ್ರ್ಯಕ್ಕೆ ಮೊದಲೇ, 1946ರಲ್ಲಿ, ಏಕೀಕರಣದ ದೊಡ್ಡ ಸಮಾವೇಶ ಸೇರಿದ್ದು ದಾವಣಗೆರೆಯಲ್ಲಿ ಎನ್ನುವುದೂ ಆಕಸ್ಮಿಕವಲ್ಲ; ಎಲ್ಲ ಕಡೆಯವರಿಗೂ ಬಂದು ಹೋಗಲು ಅನುಕೂಲವಾದ ಊರು ಅದು, ಇಂದಿಗೂ ಹಾಗೆಯೇ.

ಇಲ್ಲಿ ಕೆಂಗಲ್ ಹನುಮಂತಯ್ಯನವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಲೇಬೇಕು. ಒಕ್ಕಲಿಗ ಮುಖಂಡರೂ ಮೈಸೂರಿನ ಮುಖ್ಯಮಂತ್ರಿಯೂ ಆಗಿದ್ದ ಅವರು ತಮ್ಮವರದೇ ವಿರೋಧದ ನಡುವೆ ಏಕೀಕರಣದ ಪರ ನಿಂತರು. ತಮ್ಮ ಕುರ್ಚಿಯ ಕಾಲನ್ನು ತಾವೇ ಕೊಯ್ದುಕೊಂಡಂತೆ. ಕುವೆಂಪು, ಶಾಂತವೇರಿ ಗೋಪಾಲಗೌಡರು ಇದೇ ನಿಲುವಿನವರಾಗಿದ್ದರು. ನಿಜಲಿಂಗಪ್ಪನವರಿಗೆ ಅಧಿಕಾರ ಸಿಗುವ ಸಂಭವವಿತ್ತು, ಕೆಂಗಲ್ಲರಿಗೆ ಇರಲಿಲ್ಲ. ನನ್ನ ತೂಕದಲ್ಲಿ ತ್ಯಾಗದ ತಟ್ಟೆ ಕೆಂಗಲ್ಲರ ಕಡೆಗೇ ಕೆಳಗಿಳಿಯುತ್ತದೆ. ಚಿತ್ರದುರ್ಗದವರು ಇದಕ್ಕೆ ಮುನಿಸಿಕೊಂಡರೂ ಅಡ್ಡಿಯಿಲ್ಲ.

1956ರ ನವೆಂಬರ್ 1. ಹತ್ತು ಜಿಲ್ಲೆಗಳ ಮೈಸೂರು ಹತ್ತೊಂಬತ್ತು ಜಿಲ್ಲೆಗಳದಾಯಿತು. ಹಿಂದಿನ ದಿನದವರೆಗೆ ಕಡಿದಾಳ್ ಮಂಜಪ್ಪ ಮುಖ್ಯಮಂತ್ರಿ, ಅಂದಿನಿಂದ ನಿಜಲಿಂಗಪ್ಪ. ಮಹಾರಾಜರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ರಾಜ್ಯಪಾಲರು. ಹೆಸರು ಮಾತ್ರ ಹಳೆಯದೇ: ಮೈಸೂರು. ಮನೆ ದೊಡ್ಡದು ಮಾಡಿ ಹಳೆಯ ಫಲಕವನ್ನೇ ತೂಗುಹಾಕಿದ ಹಾಗೆ. ಉತ್ತರದವರಿಗೆ ಅದು ಹದಿನೇಳು ವರ್ಷ ಚುಚ್ಚುತ್ತಲೇ ಇತ್ತು.

ನಾಡು ಒಂದಾಯಿತು ಎಂದು ಮೆರವಣಿಗೆ ಮುಗಿಸಿ ಮನೆಗೆ ಹೋದವರಿಗೆ ಮರುದಿನದ ತಲೆನೋವು ಗೊತ್ತಿರಲಿಕ್ಕಿಲ್ಲ. ಐದು ಕಡೆಯ ನೌಕರರು ಒಂದೇ ಕಚೇರಿಗೆ ಬಂದರು. ಯಾರು ಹಿರಿಯರು? ಬಾಂಬೆಯ ಗುಮಾಸ್ತನ ಹತ್ತು ವರ್ಷ ಹೈದರಾಬಾದಿನ ಗುಮಾಸ್ತನ ಹತ್ತು ವರ್ಷಕ್ಕೆ ಸಮವೇ? ಈ ಜ್ಯೇಷ್ಠತಾ ಪಟ್ಟಿಗಳ ಜಗಳ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ಎಳೆದಾಡಿತು. ಕಂದಾಯದ ಕಾನೂನು ಒಂದೊಂದು ಕಡೆ ಒಂದೊಂದು, ಪಾನನಿಷೇಧ ಒಂದು ಕಡೆ ಉಂಟು ಇನ್ನೊಂದು ಕಡೆ ಇಲ್ಲ. ಇಡೀ ರಾಜ್ಯಕ್ಕೆ ಒಂದೇ ಭೂಕಂದಾಯ ಕಾಯ್ದೆ ಬಂದದ್ದು 1964ರಲ್ಲಿ. ಅಮಲ್ದಾರರೂ ಮಾಮಲೇದಾರರೂ ಹೋಗಿ ಎಲ್ಲೆಡೆ ತಹಶೀಲ್ದಾರರೇ ಉಳಿದರು. ರಾಜ್ಯ ಹುಟ್ಟಿದ್ದು 1956ರಲ್ಲಾದರೂ, ರಾಜ್ಯದಂತೆ ನಡೆಯಲು ಕಲಿತದ್ದು ಆ ದಶಕದಲ್ಲಿ. ನಾನು ನಿಜಲಿಂಗಪ್ಪನವರನ್ನು ಕಟ್ಟಿದವರು ಎನ್ನುವುದು ಈ ಅರ್ಥದಲ್ಲಿ. ಮೊದಲನೆಯ ಕಂತು ಪಕ್ಷದೊಳಗಿನ ಭಿನ್ನಮತದಿಂದ 1958ರ ಮೇ ತಿಂಗಳಲ್ಲೇ ಮುಗಿಯಿತು, ಬಿ.ಡಿ. ಜತ್ತಿ ಬಂದರು. ಎರಡನೆಯ ಕಂತು, 1962ರಿಂದ 68ರವರೆಗಿನದು, ದೊಡ್ಡದು.

ಆ ಎರಡನೆಯ ಕಂತು ಶುರುವಾದ ಬಗೆಯನ್ನು ಚಿತ್ರದುರ್ಗದವರು ಅಷ್ಟಾಗಿ ಎತ್ತುವುದಿಲ್ಲ. 1962ರ ಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದಿತು. ಮುಖ್ಯಮಂತ್ರಿಯಾಗಬೇಕಿದ್ದ ನಿಜಲಿಂಗಪ್ಪ ಮಾತ್ರ ತಮ್ಮದೇ ಜಿಲ್ಲೆಯ ಹೊಸದುರ್ಗದಲ್ಲಿ ಸೋತರು. ಎಸ್.ಆರ್. ಕಂಠಿಯವರು ಮೂರು ತಿಂಗಳ ಆಸುಪಾಸು ಮುಖ್ಯಮಂತ್ರಿಯಾಗಿದ್ದು, ನಿಜಲಿಂಗಪ್ಪ ಉಪಚುನಾವಣೆಯಲ್ಲಿ ಗೆದ್ದು ಬಂದ ಕೂಡಲೇ ಕುರ್ಚಿ ಬಿಟ್ಟುಕೊಟ್ಟರು. ಪಾದುಕೆ ಇಟ್ಟುಕೊಂಡು ಆಳಿದ ಭರತನಿಗೆ ಜನ ಅವರನ್ನು ಹೋಲಿಸಿದರು. ಉಪಚುನಾವಣೆ ನಡೆದದ್ದು ಎಲ್ಲಿ? ಬಾಗಲಕೋಟೆಯಲ್ಲಿ. ಮುಂದೆ 1967ರಲ್ಲಿ ಅವರು ಆಯ್ಕೆಯಾದದ್ದು ಶಿಗ್ಗಾವಿಯಿಂದ. ಎರಡೂ 1956ಕ್ಕೆ ಮೊದಲು ಬಾಂಬೆಯ ನೆಲ. ಮನೆಯವರು ಬಾಗಿಲು ಮುಚ್ಚಿದಾಗ ಏಕೀಕರಣದಿಂದ ಬಂದ ನೆಂಟರು ಚಾಪೆ ಹಾಸಿದರು. ನಾಡು ಒಂದಾಗದಿದ್ದರೆ ಅವರಿಗೆ ಹೋಗಲು ಬಾಗಲಕೋಟೆಯೇ ಇರುತ್ತಿರಲಿಲ್ಲ.

ಈ ಅವಧಿಯ ಕೆಲಸ ಹೆಚ್ಚಾಗಿ ನೀರು ಮತ್ತು ವಿದ್ಯುತ್ತಿನದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿಯ ವಿದ್ಯುತ್ತು ಹರಿಯತೊಡಗಿತು. ಅದೇ ವರ್ಷ ಆಲಮಟ್ಟಿಯಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಇಟ್ಟರು. ಕನ್ನಡವನ್ನು ಆಡಳಿತ ಭಾಷೆಯಾಗಿಸುವ ಕಾಯ್ದೆ 1963ರದು, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರದು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಅವರಿಗಿಂತ ಮೊದಲೇ ಶುರುವಾಗಿತ್ತು, ಮುಗಿದದ್ದು 1965ರ ಹೊತ್ತಿಗೆ. ಇಂದು ದಾವಣಗೆರೆಯ ಸುತ್ತ ಭತ್ತದ ಗದ್ದೆ, ಅಡಿಕೆ ತೋಟ ಕಾಣುವುದು ಆ ಬಲದಂಡೆ ನಾಲೆಯಿಂದ. ಭರಮಸಾಗರ ದಾಟಿ ಚಿತ್ರದುರ್ಗದ ಕಡೆ ಬನ್ನಿ: ಹಸಿರು ತೆಳುವಾಗುತ್ತಾ ಬಂದು ಕಲ್ಲುಗುಡ್ಡ, ಶೇಂಗಾ, ಗಾಳಿಯಂತ್ರಗಳು ಎದುರಾಗುತ್ತವೆ. ಅವರ ಸ್ವಂತ ಚಿತ್ರದುರ್ಗ ಭದ್ರೆಯ ನೀರಿಗಾಗಿ ಕಾಯುತ್ತಾ ಇನ್ನೆರಡು ತಲೆಮಾರು ಕಳೆಯಿತು. ಇಡೀ ನಾಡಿನ ಹೊಲಕ್ಕೆ ನೀರಿನ ಲೆಕ್ಕ ಹಾಕಿದವರು ತಮ್ಮ ಹಿತ್ತಲ ಬಾವಿಯನ್ನು ಮರೆತರೇ ಎಂದು ಇಲ್ಲಿನವರು ಕೇಳುವುದು ಪೂರ್ತಿ ಅನ್ಯಾಯದ ಪ್ರಶ್ನೆಯಲ್ಲ.

ಗಡಿಯ ವಿಚಾರವೂ ಅವರ ಕಾಲದಲ್ಲೇ ಗಟ್ಟಿಯಾಗಿ ಎದುರಾಯಿತು. ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆ, ಆದವಾನಿ, ರಾಯದುರ್ಗ, ಮಡಕಶಿರಾ ಹೊರಗೇ ಉಳಿದಿದ್ದವು. ಬೆಳಗಾವಿಗಾಗಿ ಮಹಾರಾಷ್ಟ್ರ ಪಟ್ಟು ಹಿಡಿದಾಗ 1966ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಆಯೋಗ ರಚನೆಯಾಯಿತು. ಮರುವರ್ಷ ಬಂದ ವರದಿ ಬೆಳಗಾವಿ ನಗರ ಇಲ್ಲೇ ಇರಲಿ ಎಂದಿತು. ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಇತ್ತ ಬರಲಿ, ಗಡಿಯ ಒಂದಷ್ಟು ಊರುಗಳು ಮಹಾರಾಷ್ಟ್ರಕ್ಕೆ ಹೋಗಲಿ ಎಂದಿತು. ಆಯೋಗ ಬೇಕೆಂದಿದ್ದ ಮಹಾರಾಷ್ಟ್ರವೇ ಅದನ್ನು ತಳ್ಳಿಹಾಕಿತು, ಮೈಸೂರು ಒಪ್ಪಿತು. ‘ಮಹಾಜನ ವರದಿಯೇ ಅಂತಿಮ’ ಎಂದು ಕರ್ನಾಟಕ ಇಂದಿಗೂ ಹೇಳುವ ಮಾತು ಅಲ್ಲಿಂದ ಬಂದದ್ದು.

ದೇಶದ ಮಟ್ಟದಲ್ಲಿ ಅವರ ಹೆಸರು ಉಳಿದಿರುವುದು ಮಾತ್ರ ಬೇರೆ ಕಾರಣಕ್ಕೆ, ಅದೂ ಅಷ್ಟೇನೂ ಹಿತವಲ್ಲದ ಕಾರಣಕ್ಕೆ. 1968ರಲ್ಲಿ ಅವರು ಕಾಂಗ್ರೆಸ್ ಅಧ್ಯಕ್ಷರಾದರು. ಮರುವರ್ಷ ರಾಷ್ಟ್ರಪತಿ ಚುನಾವಣೆ. ಕಾಮರಾಜ್, ಎಸ್.ಕೆ. ಪಾಟೀಲ್, ಅತುಲ್ಯ ಘೋಷ್ ಮೊದಲಾದ ಹಿರಿಯರ ಕೂಟ ಸಂಜೀವ ರೆಡ್ಡಿಯವರನ್ನು ನಿಲ್ಲಿಸಿತು. ಪ್ರಧಾನಿ ಇಂದಿರಾ ಗಾಂಧಿ ಆತ್ಮಸಾಕ್ಷಿಯ ಮತದ ಮಾತೆತ್ತಿ ವಿ.ವಿ. ಗಿರಿಯವರನ್ನು ಗೆಲ್ಲಿಸಿದರು. ಅಧ್ಯಕ್ಷರಾಗಿ ನಿಜಲಿಂಗಪ್ಪ ನವೆಂಬರ್ 12ರಂದು ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿದರು. ನಿಯಮದ ಪುಸ್ತಕ ಅವರ ಕೈಯಲ್ಲಿತ್ತು, ಜನ ಇಂದಿರಾ ಅವರ ಕೈಯಲ್ಲಿದ್ದರು. 1971ರ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 27 ಸ್ಥಾನಗಳಲ್ಲಿ 27ನ್ನೂ ಇಂದಿರಾ ಕಾಂಗ್ರೆಸ್ ಬಾಚಿಕೊಂಡಿತು. ಒಪ್ಪಿಸುವುದರಲ್ಲಿ ಪಳಗಿದವರು ಒಡೆಯುವ ಆಟಕ್ಕೆ ಇಳಿದದ್ದೇ ತಪ್ಪಾಯಿತೇನೋ. ಅದು ಅವರ ಸ್ವಭಾವದ ಆಟವಾಗಿರಲಿಲ್ಲ.

ಅದರ ಮುಂದಿನ ಕಥೆಯಲ್ಲಿ ವಿಧಿಯ ಕೀಟಲೆ ಇದೆ. ಸೋಲಿಸಿದ ಪಾಳೆಯದ ದೇವರಾಜ ಅರಸು ಮುಖ್ಯಮಂತ್ರಿಯಾದರು. 1973ರ ನವೆಂಬರ್ 1ರಂದು ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದದ್ದು ಅರಸರ ಕಾಲದಲ್ಲಿ. ಮನೆ ಕಟ್ಟಿದವರು ಒಬ್ಬರು, ಬಾಗಿಲಿಗೆ ಹೊಸ ಫಲಕ ಹಾಕಿದವರು ಇನ್ನೊಬ್ಬರು.

ನಿಜಲಿಂಗಪ್ಪ ರಾಜಕಾರಣದಿಂದ ಹಿಂದೆ ಸರಿದು ಚಿತ್ರದುರ್ಗದ ‘ವಿನಯ’ ಎಂಬ ತಮ್ಮ ಮನೆಯಲ್ಲಿ ಉಳಿದರು. 2000ದ ಆಗಸ್ಟ್ 8ರಂದು ತೀರಿಕೊಂಡಾಗ ತೊಂಬತ್ತೇಳು ವರ್ಷ. ಆ ಮನೆಯನ್ನು ಸರ್ಕಾರವೇ ಕೊಂಡು ಸ್ಮಾರಕ ಮಾಡುವ ವಿಚಾರ ವರ್ಷಗಟ್ಟಲೆ ಕಡತದಿಂದ ಕಡತಕ್ಕೆ ಅಲೆಯಿತು. ಐದು ಆಡಳಿತಗಳ ಕಡತಗಳನ್ನು ಒಂದು ಮಾಡಿದವರ ಮನೆಗೇ ಹೀಗಾದದ್ದನ್ನು ಪತ್ರಿಕೆಯಲ್ಲಿ ಓದಿ ನಗು ಬಂದಿತ್ತು ನನಗೆ, ಸಂತೋಷದ ನಗುವಲ್ಲ.

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಬರುವಾಗ, ಊರು ಇನ್ನು ಸ್ವಲ್ಪ ದೂರವಿದೆ ಎನ್ನುವಾಗ ಹೆದ್ದಾರಿಯ ಪಕ್ಕ ಸೀಬಾರ ಸಿಗುತ್ತದೆ. ಅವರ ಸಮಾಧಿ, ಸ್ಮಾರಕ ಇರುವುದು ಅಲ್ಲಿ. ಸ್ಮಾರಕವನ್ನು 2011ರಲ್ಲಿ ಉದ್ಘಾಟಿಸಲು ಬಂದವರು ಮಂತ್ರಿಯಲ್ಲ, ಮಠಾಧೀಶರಲ್ಲ, ದಲೈ ಲಾಮಾ. ಮೊದಲ ಸಲ ಕೇಳಿದವರು ಹುಬ್ಬೇರಿಸುತ್ತಾರೆ. ಟಿಬೆಟ್ ಕಳೆದುಕೊಂಡು ಬಂದವರಿಗೆ ಈ ರಾಜ್ಯ ನೆಲೆ ಕೊಟ್ಟಿತು. ಉತ್ತರ ಕನ್ನಡದ ಮುಂಡಗೋಡಿನ ನೆಲೆ ಶುರುವಾದದ್ದು 1966ರಲ್ಲಿ, ನಿಜಲಿಂಗಪ್ಪ ಮುಖ್ಯಮಂತ್ರಿಯಾಗಿದ್ದಾಗ. ಮುಂಡಗೋಡೂ ಹತ್ತು ವರ್ಷದ ಹಿಂದಷ್ಟೇ ಬಾಂಬೆಯಿಂದ ಬಂದು ಸೇರಿದ ತಾಲ್ಲೂಕೇ. ಸೀಬಾರದಲ್ಲಿ ವೇಗದೂತ ಬಸ್ಸುಗಳು ನಿಲ್ಲುವುದಿಲ್ಲ. ಇಳಿಯಬೇಕೆಂದರೆ ನಿರ್ವಾಹಕರಿಗೆ ಮೊದಲೇ ಹೇಳಿಕೊಳ್ಳಬೇಕು.